ಊರಿನಿಂದ ಬಂದ ಅಡ್ಡಹೆಸರು : ಕಲ್ಯಾಣ ಮತ್ತು ಹುಮನಾಬಾದುಗಳ ನಿದರ್ಶನದೊಡನೆ ಒಂದು ವಿಚಾರ

೧. ಪ್ರಶ್ನೆಯ ಸ್ವರೂಪ

ಈ ಲೇಖಕನು ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯೊಂದರಲ್ಲಿ ಕೌಮುದಿಯನ್ನು ಓದುತ್ತಿದ್ದಾಗ ಹುಮನಾಬಾದಿನಿಂದ ಬಂದ ಸಹಾಧ್ಯಾಯಿಯೊಬ್ಬನಿದ್ದನು. ಗುರುಗಳು ಮೊದಲ್ಗೊಂಡು ಅಡಿಗೆಯವರವರೆಗೆ ಎಲ್ಲರೂ ಅವನನ್ನು 'ಹುಮನಾಬಾದಿ' ಎಂದೇ ಕರೆಯುತ್ತಿದ್ದರು. ಅವನ ನಿಜನಾಮವು ಸಂಕಲ್ಪವನ್ನು ಹೇಳುವಾಗ ಮಾತ್ರವೇ ನಮ್ಮ ಕಿವಿಗೆ ಬೀಳುತ್ತಿತ್ತು. ಒಂದು ಬೇಸಗೆಯ ರಜೆಯಲ್ಲಿ ಅವನ ಊರಿಗೆ ಹೋಗಿ, ಬಜಾರಿನ ಅಂಗಡಿಯೊಂದರ ಮುಂದೆ ನಿಂತು, 'ಹುಮನಾಬಾದಿಯವರ ಮನೆ ಯಾವುದು?' ಎಂದು ಕೇಳಲು, ಅಲ್ಲಿ ಕುಳಿತಿದ್ದ ವೃದ್ಧರೊಬ್ಬರು ನಕ್ಕು, 'ಇಲ್ಲಿದ್ದವರೆಲ್ಲಾ ಹುಮನಾಬಾದದವರೇ ಅಲ್ಲೇನೋ ತಮ್ಮಾ? ನಿನಗ ಯಾರ ಮನಿ ಬೇಕು ಹೇಳು' ಎಂದರು. ಕೊನೆಗೆ ಮನೆಯು ಸಿಕ್ಕಿತು. ಆದರೆ ಆ ಊರಿನಲ್ಲಿ ಆ ಮನೆಯವರಿಗೆ ಇದ್ದ ಅಡ್ಡಹೆಸರು ಬೇರೆಯೇ ಆಗಿತ್ತು. ಅವನ ಅಜ್ಜನು ಯಾವ ಹಳ್ಳಿಯನ್ನು ಬಿಟ್ಟು ಹುಮನಾಬಾದಿಗೆ ಬಂದು ನೆಲೆಸಿದ್ದನೋ ಆ ಹಳ್ಳಿಯ ಹೆಸರಿನಿಂದಲೇ ಅವರು ಅಲ್ಲಿ ಪ್ರಸಿದ್ಧರಾಗಿದ್ದರು.

ವೃದ್ಧರ ಆ ನಗೆಯಲ್ಲಿ ಒಂದು ಶಾಸ್ತ್ರವೇ ಅಡಗಿದೆಯೆಂಬುದು ಆಗ ತಿಳಿಯಲಿಲ್ಲ. ಊರಿನ ಹೆಸರು ಮನುಷ್ಯನ ಹೆಸರಾಗಬೇಕಾದರೆ ಮನುಷ್ಯನು ಆ ಊರನ್ನು ಬಿಡಬೇಕು. ಊರಿನೊಳಗೆ ಇರುವವರೆಗೆ ಆ ಹೆಸರು ಒಬ್ಬನನ್ನು ಮತ್ತೊಬ್ಬನಿಂದ ಬೇರ್ಪಡಿಸಲಾರದು. ಬೇರ್ಪಡಿಸಲಾರದ ವಿಶೇಷಣವು ವಿಶೇಷಣವೇ ಅಲ್ಲ. ಆದುದರಿಂದ ಊರಿನಿಂದ ಬಂದ ಅಡ್ಡಹೆಸರು ತನ್ನ ಹುಟ್ಟೂರಿನಲ್ಲಿಯೇ ಎಲ್ಲಕ್ಕಿಂತ ವಿರಳವಾಗಿರುವುದು ಸಹಜ.

ಈ ಸಾಮಾನ್ಯ ನಿಯಮವನ್ನು ಬೀದರ ಜಿಲ್ಲೆಯ ಕಲ್ಯಾಣ, ಹುಮನಾಬಾದುಗಳೆಂಬ ಎರಡು ಊರುಗಳ ಹೆಸರಿಗೆ ಅನ್ವಯಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ಇದು ಕೇವಲ ಕುತೂಹಲದ ವಿಷಯವಲ್ಲ. ಅಡ್ಡಹೆಸರಿನಲ್ಲಿ 'ಕಲ್ಯಾಣ' ಶಬ್ದವಿದ್ದ ಮಾತ್ರಕ್ಕೆ ಆ ಮನೆತನವು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವನ್ನು ಬಿಟ್ಟು ಹೊರಟ ಶರಣರ ಸಂತತಿಯೆಂದು ನಿರ್ಣಯಿಸಿಬಿಡುವ ವಾಡಿಕೆಯು ನಮ್ಮಲ್ಲಿ ಉಂಟು. ಆ ನಿರ್ಣಯವು ಎಷ್ಟರಮಟ್ಟಿಗೆ ನಿಲ್ಲಬಲ್ಲದು, ಯಾವ ಪ್ರಮಾಣವಿದ್ದರೆ ನಿಲ್ಲಬಲ್ಲದು ಎಂಬುದನ್ನು ವಿಚಾರಿಸದೆ ಹೋದರೆ ಚರಿತ್ರೆಯೂ ಕೆಡುವುದು, ಮನೆತನಗಳ ನಿಜವಾದ ನೆನಪೂ ಕೆಡುವುದು.

೨. ವ್ಯಾಕರಣದ ಸಾಕ್ಷ್ಯ

ಊರಿನ ಹೆಸರಿನಿಂದ ಮನುಷ್ಯನ ಹೆಸರು ಹುಟ್ಟುವ ಬಗೆಯನ್ನು ಪಾಣಿನಿಯು ಬಹು ಸೂಕ್ಷ್ಮವಾಗಿ ವಿಂಗಡಿಸಿದ್ದಾನೆ. ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದ ಮೂರನೆಯ ಪಾದದಲ್ಲಿ, ಒಂದು ಸ್ಥಳದಲ್ಲಿ ಹುಟ್ಟಿದವನು ಎಂಬ ಅರ್ಥಕ್ಕೆ ೨೫ನೆಯ ಸೂತ್ರವೂ, ಅಲ್ಲಿಂದ ಬಂದುದು ಎಂಬ ಅರ್ಥಕ್ಕೆ ೭೪ನೆಯ ಸೂತ್ರವೂ, ಅದು ಇವನ ನಿವಾಸ ಎಂಬ ಅರ್ಥಕ್ಕೆ ೮೯ನೆಯ ಸೂತ್ರವೂ, ಅದು ಇವನ ಅಭಿಜನ ಎಂಬ ಅರ್ಥಕ್ಕೆ ೯೦ನೆಯ ಸೂತ್ರವೂ ಬಂದಿವೆ. ಮಥುರೆಯಿಂದ 'ಮಾಥುರ' ಎಂಬುದು ಈ ಎಲ್ಲ ಅರ್ಥಗಳಲ್ಲಿಯೂ ಸಿದ್ಧವಾಗುತ್ತದೆ. ರೂಪವು ಒಂದೇ, ಅರ್ಥವು ನಾಲ್ಕು.

ಹಾಗಾದರೆ ನಿವಾಸ, ಅಭಿಜನ ಎಂದು ಎರಡು ಸೂತ್ರಗಳೇಕೆ? ಈ ಶಂಕೆಯನ್ನು ಪತಂಜಲಿಯೇ ಎತ್ತಿ ಪರಿಹರಿಸಿದ್ದಾನೆ. ಈಗ ವಾಸವಾಗಿರುವ ಸ್ಥಳವು ನಿವಾಸ. ಪೂರ್ವಿಕರು ವಾಸವಾಗಿದ್ದ ಸ್ಥಳವು ಅಭಿಜನ. ಫ್ರಾನ್ಸ್ ಕೀಲ್‌ಹಾರ್ನ್ ಎಂಬ ಜರ್ಮನ್ ವಿದ್ವಾಂಸನು ೧೮೮೦ರಿಂದ ೧೮೮೫ರವರೆಗೆ ಮುಂಬಯಿಯಲ್ಲಿ ಮುದ್ರಿಸಿದ ಮಹಾಭಾಷ್ಯದ ಆವೃತ್ತಿಯಿಂದ ಈ ಭಾಗವು ಎಲ್ಲರಿಗೂ ಸುಲಭವಾಗಿ ದೊರಕುವಂತಾಯಿತು. ನಮ್ಮ ಪ್ರಕೃತ ವಿಷಯಕ್ಕೆ ಈ ಭೇದವೇ ಕೀಲಿಕೈ. ಅಡ್ಡಹೆಸರು ಮೊದಲನೆಯ ತಲೆಯಲ್ಲಿ 'ಅಲ್ಲಿಂದ ಬಂದವನು' ಎಂಬ ಅರ್ಥದಲ್ಲಿ ಹುಟ್ಟುತ್ತದೆ. ಎರಡನೆಯ, ಮೂರನೆಯ ತಲೆಗಳಲ್ಲಿ ಆ ಮನೆಯವರು ಆ ಊರನ್ನು ನೋಡದಿದ್ದರೂ ಹೆಸರು ಮಾತ್ರ ಉಳಿದು 'ಅಭಿಜನ'ವನ್ನು ಹೇಳುತ್ತದೆ. ನಿವಾಸವನ್ನು ಹೇಳುವ ಹೆಸರು ಕುಲನಾಮವಾಗಿ ನಿಲ್ಲುವುದು ಅಪೂರ್ವ. ಏಕೆಂದರೆ ನಿವಾಸವು ಕಣ್ಣಿಗೆ ಕಾಣುವಂಥದು. ಅದನ್ನು ಹೆಸರಿನಿಂದ ನೆನಪಿಡಬೇಕಾದ ಅಗತ್ಯವಿಲ್ಲ.

ಕನ್ನಡದಲ್ಲಿಯೂ ಈ ಭೇದಕ್ಕೆ ಲಕ್ಷ್ಯಗಳುಂಟು. ಹಿಂದೂಸ್ತಾನಿ ಗಾಯಕರಾದ ಮಲ್ಲಿಕಾರ್ಜುನ ಮನಸೂರರು ಧಾರವಾಡದ ಸಮೀಪದ ಮನಸೂರು ಗ್ರಾಮದಲ್ಲಿ ಹುಟ್ಟಿ ಧಾರವಾಡದಲ್ಲಿ ನೆಲೆಸಿದರು. ಇಲ್ಲಿ ಹೆಸರು 'ಅಲ್ಲಿಂದ ಬಂದವರು' ಎಂಬ ಅರ್ಥದ್ದು. ಗಂಗೂಬಾಯಿ ಹಾನಗಲ್ಲರು (೧೯೧೩–೨೦೦೯) ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದರು. ಹಾನಗಲ್ಲು ಅವರ ಪೂರ್ವಿಕರ ಊರು. ಇದು ಅಭಿಜನಕ್ಕೆ ಶುದ್ಧವಾದ ಉದಾಹರಣೆ. ಇವರ ಗುರುಗಳಾದ ಸವಾಯಿ ಗಂಧರ್ವರ (೧೮೮೬–೧೯೫೨) ಹೆಸರು ಇನ್ನೂ ಕುತೂಹಲಕರ. ಅವರ ಮನೆತನದ ಹೆಸರು ಸೌಂಶಿ. ಲೋಕದಲ್ಲಿ ಅವರು ರಾಮಭಾವು ಕುಂದಗೋಳಕರ. ಸೌಂಶಿಯೂ ಕುಂದಗೋಳವೂ ಒಂದೇ ಸೀಮೆಯ ಎರಡು ಊರುಗಳು. ಕುಂದಗೋಳದಲ್ಲಿ ಇರುವವರೆಗೆ ಸೌಂಶಿಯೆಂಬ ಹೆಸರು ಸಾಕಾಗಿತ್ತು. ಅಲ್ಲಿಂದ ಹೊರಬಿದ್ದು ಮರಾಠೀ ರಂಗಭೂಮಿಯ ಜನರ ನಡುವೆ ಹೋದಮೇಲೆ ಕುಂದಗೋಳವೇ ಹೆಸರಾಯಿತು. ಒಬ್ಬನೇ ವ್ಯಕ್ತಿಯಲ್ಲಿ ಎರಡು ವಲಸೆಗಳ ಗುರುತು ಒಂದರ ಮೇಲೊಂದು ಕುಳಿತಿದೆ.

ಹಳೆಯ ಮೈಸೂರು ಸೀಮೆಯಲ್ಲಿ ಊರಿನ ಹೆಸರು ಪೂರ್ಣವಾಗಿ ನಿಲ್ಲದೆ ಮೊದಲನೆಯ ಅಕ್ಷರವಾಗಿ ಸಂಕುಚಿತವಾಗಿದೆ. ಕು. ವೆಂ. ಪುಟ್ಟಪ್ಪನವರ 'ಕು' ಎಂಬುದು ಕುಪ್ಪಳಿ, ಬಿ. ಎಂ. ಶ್ರೀಕಂಠಯ್ಯನವರ 'ಬಿ' ಎಂಬುದು ಬೆಳ್ಳೂರು. ಡಿ. ವಿ. ಗುಂಡಪ್ಪನವರು ಹುಟ್ಟಿದ್ದು ಮುಳಬಾಗಿಲಲ್ಲಿ (೧೮೮೭). ಅವರ ಹೆಸರಿನ ಮೊದಲಲ್ಲಿ ನಿಂತಿರುವ 'ಡಿ' ದೇವನಹಳ್ಳಿ. ಪಾಣಿನಿಯ ೯೦ನೆಯ ಸೂತ್ರವು ಒಂದೇ ಅಕ್ಷರದಲ್ಲಿ ಅಡಗಿಕೊಂಡಿದೆಯೆಂದು ಹೇಳಬಹುದು.

೩. ಜರ್ಮನ್ ದೇಶದ ನಿದರ್ಶನ

ಯೂರೋಪಿನ ನಾಮಶಾಸ್ತ್ರಜ್ಞರಲ್ಲಿ ಜರ್ಮನರು ಈ ವಿಷಯವನ್ನು ವಿಸ್ತಾರವಾಗಿ ವಿಚಾರಿಸಿದ್ದಾರೆ. ಆ ದೇಶದ ನಗರಗಳಲ್ಲಿ ಹನ್ನೆರಡನೆಯ ಶತಮಾನದಿಂದ, ಅಂದರೆ ನಮ್ಮ ಕಲ್ಯಾಣವು ಉನ್ನತ ಸ್ಥಿತಿಯಲ್ಲಿದ್ದ ಕಾಲದಿಂದಲೇ, ಒಬ್ಬನಿಗೆ ಎರಡನೆಯ ಹೆಸರನ್ನು ಸೇರಿಸುವ ರೂಢಿಯು ಹೆಚ್ಚುತ್ತ ಬಂದಿತು. ಊರುಗಳಿಂದ ಜನರು ಪಟ್ಟಣಗಳಿಗೆ ಬಂದು ಸೇರಿದಂತೆಲ್ಲ ಒಂದೇ ಹೆಸರಿನವರು ಹೆಚ್ಚಾಗಿ, ಗುರುತಿಗಾಗಿ ಇನ್ನೊಂದು ಹೆಸರು ಬೇಕಾಯಿತು. ಅಂಥ ಹೆಸರುಗಳಲ್ಲಿ ಸ್ಥಳಸಂಬಂಧವಾದವುಗಳನ್ನು ಅವರು ಎರಡು ವರ್ಗಗಳಾಗಿ ಮಾಡಿದ್ದಾರೆ. ಎಲ್ಲಿಂದ ಬಂದನೆಂಬುದನ್ನು ಹೇಳುವ ಹೆಸರು ಒಂದು. ಎಂಥ ಜಾಗದಲ್ಲಿ, ಅಂದರೆ ಗುಡ್ಡದ ಬಳಿಯಲ್ಲಿಯೋ ಹೊಳೆಯ ದಡದಲ್ಲಿಯೋ, ವಾಸಿಸುತ್ತಿದ್ದನೆಂಬುದನ್ನು ಹೇಳುವ ಹೆಸರು ಇನ್ನೊಂದು. ಆಗಮನ ಮತ್ತು ನಿವಾಸಗಳೆಂಬ ಪಾಣಿನೀಯ ಭೇದಕ್ಕೆ ಇದು ಎಷ್ಟು ಸಮೀಪವಾಗಿದೆಯೆಂಬುದನ್ನು ವಿದ್ವಾಂಸರು ಗಮನಿಸಬೇಕು.

ಮೊದಲನೆಯ ವರ್ಗದಲ್ಲಿ ಊರಿನ ಹೆಸರಿಗೆ 'ಎರ್' ಎಂಬ ಪ್ರತ್ಯಯವು ಸಾಮಾನ್ಯವಾಗಿ ಹತ್ತುತ್ತದೆ. ನ್ಯೂರ್ನ್‌ಬೆರ್ಗ್ ಪಟ್ಟಣದಿಂದ ನ್ಯೂರ್ನ್‌ಬೆರ್ಗರ್, ರೈನ್ ನದಿಯ ದಡದ ಒಪ್ಪನ್‌ಹೈಮ್ ಎಂಬ ಊರಿನಿಂದ ಒಪ್ಪನ್‌ಹೈಮರ್. ಒಪ್ಪನ್‌ಹೈಮರ್ ಎಂಬುದು ಫ್ರಾಂಕ್‌ಫರ್ಟಿನಂಥ ಬೇರೆ ಪಟ್ಟಣಗಳಿಗೆ ಹೋಗಿ ನೆಲೆಸಿದ ಯೆಹೂದ್ಯ ಮನೆತನಗಳಲ್ಲಿ ಪ್ರಸಿದ್ಧವಾಯಿತು. ಒಪ್ಪನ್‌ಹೈಮಿನಲ್ಲಿಯೇ ಉಳಿದವರಿಗೆ ಆ ಹೆಸರಿನಿಂದ ಆಗಬೇಕಾದುದೇನೂ ಇರಲಿಲ್ಲ. ಹುಮನಾಬಾದಿನ ವೃದ್ಧರ ನಗೆಯು ಅಲ್ಲಿಯೂ ಸಲ್ಲುತ್ತದೆ.

ಎರಡನೆಯ ವರ್ಗಕ್ಕೆ ಕಲ್ಯಾಣದ ಚರಿತ್ರೆಗೇ ಸಂಬಂಧಪಟ್ಟ ಒಂದು ಹೆಸರನ್ನು ಉದಾಹರಿಸಬಹುದು. ಚಾಲುಕ್ಯ ವಿಕ್ರಮಾದಿತ್ಯನ ಆಸ್ಥಾನದ ಬಿಲ್ಹಣನ ವಿಕ್ರಮಾಂಕದೇವಚರಿತವನ್ನು ಜೈಸಲ್ಮೇರಿನ ಭಂಡಾರದ ಓಲೆಯಿಂದ ಬೆಳಕಿಗೆ ತಂದು ೧೮೭೫ರಲ್ಲಿ ಮುದ್ರಿಸಿದವನು ಗೇಯೋರ್ಗ್ ಬ್ಯೂಲರ್. 'ಬ್ಯೂಲ್' ಎಂದರೆ ದಕ್ಷಿಣ ಜರ್ಮನಿಯ ಮಾತಿನಲ್ಲಿ ಗುಡ್ಡ. 'ಬ್ಯೂಲರ್' ಎಂದರೆ ಗುಡ್ಡದವನು, ಅಥವಾ ಬ್ಯೂಲ್ ಎಂಬ ಹೆಸರಿನ ಊರಿನವನು. ಆದರೆ ಈ ವಿದ್ವಾಂಸನು ೧೮೩೭ರಲ್ಲಿ ಹುಟ್ಟಿದ್ದು ಉತ್ತರ ಜರ್ಮನಿಯ ಹಾನೋವರ್ ಸೀಮೆಯ ಬಯಲುನಾಡಿನಲ್ಲಿ. ಹೆಸರಿನಲ್ಲಿರುವ ಗುಡ್ಡವು ಅವನ ನಿವಾಸದಲ್ಲಿ ಇರಲಿಲ್ಲ. ನಿವಾಸವಾಚಕವಾಗಿ ಹುಟ್ಟಿದ ಹೆಸರೂ ಕಾಲಕ್ರಮದಲ್ಲಿ ಅಭಿಜನವಾಚಕವಾಗಿ ಪರಿಣಮಿಸುವುದೆಂಬುದಕ್ಕೆ ಇದು ಸಾಕ್ಷಿ.

ಅಲ್ಲಿ ಎಲ್ಲ ಸೀಮೆಗಳಲ್ಲಿಯೂ ಕುಲನಾಮಗಳು ಒಂದೇ ಕಾಲಕ್ಕೆ ಸ್ಥಿರವಾಗಲಿಲ್ಲ. ಕನ್ನಡ ನಿಘಂಟುವಿನ ಕರ್ತನಾದ ಕಿಟ್ಟೆಲ್ಲನು ೧೮೩೨ರಲ್ಲಿ ಹುಟ್ಟಿದ ಪೂರ್ವ ಫ್ರೀಸಿಯಾ ಸೀಮೆಯಲ್ಲಿ ತಂದೆಯ ಹೆಸರೇ ಮಗನಿಗೆ ಎರಡನೆಯ ಹೆಸರಾಗಿ ತಲೆಯಿಂದ ತಲೆಗೆ ಬದಲಾಗುತ್ತಿತ್ತು. ೧೮೧೧ರಲ್ಲಿ ನೆಪೋಲಿಯನ್ನನ ಆಜ್ಞೆಯು ಸ್ಥಿರವಾದ ಕುಲನಾಮವನ್ನು ವಿಧಿಸಿದಮೇಲೂ ಹಳೆಯ ರೂಢಿಯು ಬಹುಕಾಲ ಬಿಡಲಿಲ್ಲ. ೧೮೭೫ರ ಸಾಮ್ರಾಜ್ಯಶಾಸನವು ಜನನ ಮರಣ ವಿವಾಹಗಳನ್ನು ಸರಕಾರದ ದಫ್ತರಿನಲ್ಲಿ ಬರೆಯಿಸಬೇಕೆಂದು ವಿಧಿಸಿದ ಬಳಿಕ ಹೆಸರಿನ ಅಕ್ಷರಗಳೂ ಸ್ಥಿರಪಟ್ಟವು. ಹೆಸರನ್ನು ಹುಟ್ಟಿಸುವುದು ವಲಸೆ. ಅದನ್ನು ನಿಲ್ಲಿಸುವುದು ದಫ್ತರು.

೪. ಶಾಸನಗಳ ಸಾಕ್ಷ್ಯ

ಕರ್ಣಾಟಕದ ಶಾಸನಗಳಲ್ಲಿ ಕುಲನಾಮವೆಂಬುದು ಇಂದಿನ ರೂಪದಲ್ಲಿ ಇಲ್ಲ. ಆದರೆ ಅದೇ ಕೆಲಸವನ್ನು ಮಾಡುವ ಒಂದು ಬಿರುದು ಉಂಟು. ಅದು 'ಪುರವರಾಧೀಶ್ವರ' ಎಂಬುದು. ಹಾನಗಲ್ಲು ಮತ್ತು ಗೋವೆಗಳ ಕದಂಬರು 'ಬನವಾಸೀಪುರವರಾಧೀಶ್ವರ'ರು. ಸವದತ್ತಿಯ ರಟ್ಟರು 'ಲತ್ತಲೂರ್ಪುರವರಾಧೀಶ್ವರ'ರು. ಲತ್ತಲೂರು ಇಂದಿನ ಲಾತೂರು. ಶಿಲಾಹಾರರು 'ತಗರಪುರವರಾಧೀಶ್ವರ'ರು, ತಗರವು ಇಂದಿನ ತೇರ್. ದೋರಸಮುದ್ರದಿಂದ ಆಳಿದ ಹೊಯ್ಸಳರು 'ದ್ವಾರಾವತೀಪುರವರಾಧೀಶ್ವರ'ರು. ಬಿಜ್ಜಳನ ವಂಶದ ಕಳಚುರ್ಯರು 'ಕಾಳಂಜರಪುರವರಾಧೀಶ್ವರ'ರು. ಕಾಳಂಜರವಿರುವುದು ದೂರದ ಬುಂದೇಲಖಂಡದಲ್ಲಿ. ಇವರಲ್ಲಿ ಯಾರೂ ಬಿರುದಿನಲ್ಲಿ ಹೇಳಿದ ಪುರದಲ್ಲಿ ಕುಳಿತು ಆಳುತ್ತಿರಲಿಲ್ಲವೆಂಬುದನ್ನು ಗಮನಿಸತಕ್ಕದ್ದು. ಬಿರುದು ನಿವಾಸವನ್ನು ಹೇಳುವುದಿಲ್ಲ, ಅಭಿಜನವನ್ನು, ಅಥವಾ ಅಭಿಜನವೆಂದು ಅವರು ಅಭಿಮಾನಪಟ್ಟ ಸ್ಥಳವನ್ನು, ಹೇಳುತ್ತದೆ.

ಇದಕ್ಕೆ ಪ್ರತಿಯಾಗಿ, ಕಲ್ಯಾಣದಲ್ಲಿಯೇ ಕುಳಿತು ಆಳಿದ ಚಾಲುಕ್ಯ ಚಕ್ರವರ್ತಿಗಳ ಪ್ರಶಸ್ತಿಯನ್ನು ನೋಡಿದರೆ, 'ಸಮಸ್ತಭುವನಾಶ್ರಯ', 'ಸತ್ಯಾಶ್ರಯಕುಳತಿಳಕ', 'ಚಾಳುಕ್ಯಾಭರಣ' ಮೊದಲಾದ ಬಿರುದುಗಳಿವೆಯೇ ಹೊರತು ಅಲ್ಲಿ ಪುರದ ಹೆಸರಿಲ್ಲ. ಕಲ್ಯಾಣವು ಬರುವುದು ಸಪ್ತಮೀ ವಿಭಕ್ತಿಯಲ್ಲಿ, ನೆಲೆವೀಡಾಗಿ. ಆಹವಮಲ್ಲ ಸೋಮೇಶ್ವರನ (೧೦೪೨–೧೦೬೮) ಕಾಲದಲ್ಲಿ ರಾಜಧಾನಿಯಾಗಿ ಬೆಳಗತೊಡಗಿ, ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ಶಿಖರಕ್ಕೇರಿದ ಆ ಪುರವು ಅದರ ಒಡೆಯರಿಗೆ ಹೆಸರಾಗಲಿಲ್ಲ. 'ಕಲ್ಯಾಣದ ಚಾಲುಕ್ಯರು' ಎಂಬ ಮಾತು ಬಾದಾಮಿ, ವೇಂಗಿಗಳ ಶಾಖೆಗಳಿಂದ ಇವರನ್ನು ಬೇರ್ಪಡಿಸಲು ಈಚಿನ ಚರಿತ್ರಕಾರರು ಮಾಡಿಕೊಂಡದ್ದು. ಅಂದರೆ ಇಲ್ಲಿಯೂ ಊರಿನ ಹೆಸರನ್ನು ಕೊಟ್ಟವರು ಹೊರಗಿನವರೇ.

ಇನ್ನು ಕಲ್ಯಾಣವು ಬಿರುದಾಗುವುದು ಯಾವಾಗ? ನಾಲ್ಕು ಶತಮಾನಗಳ ತರುವಾಯ, ಕಲ್ಯಾಣವು ಸುಲ್ತಾನರ ಕೈಯಲ್ಲಿದ್ದಾಗ, ವಿಜಯನಗರದ ಆರವೀಟಿ ವಂಶದವರು ಚಾಲುಕ್ಯರ ಬಿರುದುಗಳೊಡನೆ ಕಲ್ಯಾಣಪುರದ ಅಧೀಶ್ವರತ್ವವನ್ನೂ ತಮ್ಮದೆಂದು ಹೇಳಿಕೊಂಡರು. ೧೫೬೫ರಲ್ಲಿ ರಣದಲ್ಲಿ ಮಡಿದ ಅಳಿಯ ರಾಮರಾಯನು ಈ ವಂಶದವನೇ. ತುಂಗಭದ್ರೆಯ ದಡದಲ್ಲಿದ್ದವರಿಗೆ ಕಲ್ಯಾಣವು ಬಿರುದಾಯಿತು, ಕಲ್ಯಾಣದಲ್ಲಿದ್ದವರಿಗೆ ಆಗಲಿಲ್ಲ. 'ಆರವೀಟಿ' ಎಂಬುದು ತಾನೂ ಆಂಧ್ರದೇಶದ ಒಂದು ಊರಿನಿಂದ ಬಂದ ಮನೆಹೆಸರು. ಪಾಠಶಾಲೆಯ ಹುಮನಾಬಾದಿಗೂ ವಿಜಯನಗರದ ಮಹಾಪ್ರಭುವಿಗೂ ನಿಯಮವು ಒಂದೇ.

೫. ಕಲ್ಯಾಣಕ್ಕೆ ಬಂದವರ ಹೆಸರುಗಳು

ಕಲ್ಯಾಣವು ಬಂದವರ ಊರು. ಕಾಶ್ಮೀರದ ಖೋನಮುಖ ಗ್ರಾಮವನ್ನು ಬಿಟ್ಟು ಹೊರಟ ಬಿಲ್ಹಣನು ಅನೇಕ ದೇಶಗಳನ್ನು ಸುತ್ತಿ ಕೊನೆಗೆ ಇಲ್ಲಿ ವಿದ್ಯಾಪತಿಯಾದನು. ತನ್ನ ಕಾವ್ಯದ ಹದಿನೆಂಟನೆಯ, ಕಡೆಯ ಸರ್ಗದಲ್ಲಿ ತನ್ನ ಊರನ್ನೂ ವಂಶವನ್ನೂ ಆದರದಿಂದ ವರ್ಣಿಸಿದನು. ಅದೇ ರಾಜನ ಆಶ್ರಯದಲ್ಲಿ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ಗ್ರಂಥಾಂತ್ಯದಲ್ಲಿ ಕಲ್ಯಾಣಪುರವನ್ನು ಕೊಂಡಾಡಿ, ತನ್ನ ತಂದೆಯ ಹೆಸರನ್ನೂ ಭಾರದ್ವಾಜ ಗೋತ್ರವನ್ನೂ ಹೇಳಿಕೊಂಡಿದ್ದಾನೆ. ಒಬ್ಬನಿಗೆ ಊರು ಗುರುತು, ಮತ್ತೊಬ್ಬನಿಗೆ ಗೋತ್ರ ಗುರುತು.

ಶರಣರ ಹೆಸರುಗಳಲ್ಲಿ ಎರಡು ಪದ್ಧತಿಗಳು ಸ್ಪಷ್ಟವಾಗಿ ಕಾಣುತ್ತವೆ. ಒಂದು ಕಾಯಕದಿಂದ ಬಂದದ್ದು: ಮಡಿವಾಳ ಮಾಚಿದೇವ, ಹಡಪದ ಅಪ್ಪಣ್ಣ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ. ಇನ್ನೊಂದು ಊರಿನಿಂದ ಬಂದದ್ದು: ಸೊನ್ನಲಿಗೆಯ ಸಿದ್ಧರಾಮ. ಸೊನ್ನಲಿಗೆಯು ಇಂದಿನ ಸೊಲ್ಲಾಪುರ. ಸೊಲ್ಲಾಪುರದವರಿಗೆ ಅವನು ಬರಿಯ ಸಿದ್ಧರಾಮ, ಸಿದ್ಧೇಶ್ವರ. 'ಸೊನ್ನಲಿಗೆಯ' ಎಂಬ ವಿಶೇಷಣವು ಬೇಕಾಗುವುದು ಕಲ್ಯಾಣದ ಕಡೆಯಿಂದ ನೋಡುವವರಿಗೆ. ನಾನಾ ದೇಶಗಳಿಂದ ಬಂದು ಒಂದೆಡೆ ಸೇರಿದ ಜನರಲ್ಲಿ ಊರಿನ ಹೆಸರೇ ಬಹಳವಾಗಿ ಹಬ್ಬಬೇಕಾಗಿತ್ತು. ಹಾಗಾಗದೆ ಕಾಯಕದ ಹೆಸರು ಮುಂದೆ ನಿಂತಿತೆಂಬುದು ವಿಚಾರಾರ್ಹ. ಎಲ್ಲಿಂದ ಬಂದವನು ಎಂಬುದಕ್ಕಿಂತ ಏನು ಮಾಡುವವನು ಎಂಬುದಕ್ಕೆ ಆ ಸಮಾಜವು ಹೆಚ್ಚಿನ ಬೆಲೆಯನ್ನು ಕೊಟ್ಟಿತೆಂದು ಇದರಿಂದ ಊಹಿಸಬಹುದು.

ಮೋಳಿಗೆಯ ಮಾರಯ್ಯನ ಹೆಸರು ಒಂದು ಎಚ್ಚರಿಕೆಯನ್ನು ಕಲಿಸುತ್ತದೆ. ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದು ಕಟ್ಟಿಗೆಯ ಹೊರೆಯನ್ನು ಹೊತ್ತು ಮಾರಿ ಜೀವಿಸಿದನೆಂದು ಪರಂಪರೆಯು ಹೇಳುತ್ತದೆ. ಮೋಳಿಗೆಯೆಂದರೆ ಕಟ್ಟಿಗೆಯ ಹೊರೆ, ಹೆಸರು ಕಾಯಕದ್ದು. ಈ ಸೀಮೆಯಲ್ಲಿ ಅವನ ನೆನಪನ್ನು ಉಳಿಸಿಕೊಂಡಿರುವ ಮೋಳಕೇರಿಯೆಂಬ ಹಳ್ಳಿಯೂ ಇದೆ. ಇದನ್ನು ತಿಳಿಯದವನು ಮೋಳಕೇರಿಯಿಂದ ಬಂದದ್ದರಿಂದ ಮೋಳಿಗೆಯ ಮಾರಯ್ಯನೆಂದು ಹೇಳಿ, ಪರಂಪರೆಯನ್ನು ತಲೆಕೆಳಗು ಮಾಡಬಹುದು. ಹೆಸರು ಯಾವಾಗಲೂ ಊರಿನಿಂದ ಮನುಷ್ಯನಿಗೆ ಹರಿಯುವುದಿಲ್ಲ. ಮನುಷ್ಯನಿಂದ ಊರಿಗೂ ಹರಿಯುತ್ತದೆ. ನಿಜಾಮರ ಆಳ್ವಿಕೆಯಲ್ಲಿ 'ಕಲ್ಯಾಣಿ' ಎನಿಸಿದ್ದ ಪಟ್ಟಣವು ೧೯೫೬ರಲ್ಲಿ ಬೀದರ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ನಂತರದ ಕಾಲದಲ್ಲಿ 'ಬಸವಕಲ್ಯಾಣ'ವೆಂಬ ಹೆಸರಿನಿಂದ ನೆಲೆಗೊಂಡಿತು. ಹುಮನಾಬಾದಿನ ಬಳಿಯ ಮಾಣಿಕನಗರವು ಮಾಣಿಕಪ್ರಭುಗಳ (೧೮೧೭–೧೮೬೫) ಹೆಸರನ್ನು ಹೊತ್ತಿದೆ.

ಮಾಣಿಕಪ್ರಭುಗಳ ಮನೆತನದ ಹೆಸರು ನಮ್ಮ ವಿಷಯಕ್ಕೆ ಅತ್ಯಂತ ಉಪಯುಕ್ತವಾದದ್ದು. ಅವರ ತಂದೆ ಮನೋಹರ ನಾಯಕರ ಅಡ್ಡಹೆಸರು 'ಹರಕುಡೆ'. ಇದರ ರೂಪವನ್ನು ನೋಡಿದರೆ, ಬಸವಕಲ್ಯಾಣ ತಾಲ್ಲೂಕಿನ ಹಾರಕೂಡ ಗ್ರಾಮದ ಹೆಸರಿಗೆ ಮರಾಠಿಯ ಏಕಾರವು ಹತ್ತಿ ಆದದ್ದೆಂದು ತೋರುತ್ತದೆ. ಮನೆಯಿದ್ದುದು ಕಲ್ಯಾಣದಲ್ಲಿ, ಪ್ರಭುಗಳು ಹುಟ್ಟಿದ್ದು ಲಾಡವಂತಿಯಲ್ಲಿ, ಸಮಾಧಿಸ್ಥರಾದುದು ಹುಮನಾಬಾದಿನ ಮಾಣಿಕನಗರದಲ್ಲಿ. ಆದರೆ ಹೆಸರು ಹಾರಕೂಡದ್ದು. ಕಲ್ಯಾಣದಲ್ಲಿ ವಾಸವಾಗಿದ್ದರೂ ಹೆಸರು ಕಲ್ಯಾಣದ್ದಾಗಲಿಲ್ಲ.

೬. ಎರಡು ಊರುಗಳ ಹೆಸರಿನಿಂದ ಆಗುವ ರೂಪಗಳು

ಬೀದರ ಸೀಮೆಯಲ್ಲಿ ಕನ್ನಡ, ಮರಾಠಿ, ದಖನೀ ಉರ್ದು, ತೆಲುಗುಗಳು ಒಂದೇ ಬಜಾರಿನಲ್ಲಿ ನಡೆಯುತ್ತವೆ. ಆದುದರಿಂದ ಊರಿನ ಹೆಸರು ಅಡ್ಡಹೆಸರಾಗುವಾಗ ಮೂರು ದಾರಿಗಳಿವೆ. ಕನ್ನಡದ ದಾರಿಯಲ್ಲಿ ಪ್ರತ್ಯಯವಿಲ್ಲದೆ ಊರಿನ ಹೆಸರೇ ನಿಲ್ಲುತ್ತದೆ, ಅಥವಾ ಶೆಟ್ಟಿ, ಮಠ ಮೊದಲಾದ ಪದಗಳು ಸೇರುತ್ತವೆ. ಮರಾಠಿಯ ದಾರಿಯಲ್ಲಿ 'ಕರ' ಅಥವಾ ಏಕಾರವು ಹತ್ತುತ್ತದೆ. ಪಾರಸಿಯ ದಾರಿಯಲ್ಲಿ ಈಕಾರವು ಹತ್ತಿ ಸಂಬಂಧವನ್ನು ಹೇಳುತ್ತದೆ. ಹೀಗೆ ಹುಮನಾಬಾದ, ಹುಮನಾಬಾದಕರ, ಹುಮನಾಬಾದೆ, ಹುಮನಾಬಾದಿ. ಕಲ್ಯಾಣಶೆಟ್ಟಿ, ಕಲ್ಯಾಣಕರ, ಕಲ್ಯಾಣಿ. 'ಹುಮನಾಬಾದಕರ' ಎಂಬ ಒಂದೇ ಪದದಲ್ಲಿ 'ಆಬಾದ್' ಪಾರಸಿಯದು, 'ಕರ' ಮರಾಠಿಯದು. ಅದನ್ನು ಹೊತ್ತವನ ಮನೆಮಾತು ಕನ್ನಡವಾಗಿರಬಹುದು. ಈ ಸೀಮೆಯ ಚರಿತ್ರೆಯನ್ನು ಇದಕ್ಕಿಂತ ಸಂಕ್ಷೇಪವಾಗಿ ಬರೆಯುವುದು ಕಷ್ಟ.

ಪಾರಸಿಯ ದಾರಿಯಿಂದ ಬಂದವರಲ್ಲಿ ಪ್ರತ್ಯಯವಿಲ್ಲದೆಯೇ ಊರಿನ ಹೆಸರನ್ನು ಹೊತ್ತ ಮಹಾಪುರುಷನೊಬ್ಬನಿದ್ದಾನೆ. ೧೪೭೨ರಲ್ಲಿ ಬೀದರದಲ್ಲಿ ಮದರಸೆಯನ್ನು ಕಟ್ಟಿಸಿ ೧೪೮೧ರಲ್ಲಿ ಅನ್ಯಾಯವಾಗಿ ವಧಿಸಲ್ಪಟ್ಟ ವಜೀರ ಮಹಮೂದ ಗಾವಾನನ ಹೆಸರಿನಲ್ಲಿರುವ 'ಗಾವಾನ್' ಇರಾನಿನ ಗೀಲಾನ್ ಸೀಮೆಯ ಒಂದು ಗ್ರಾಮವೆಂದು ಹೇಳುತ್ತಾರೆ. ಆ ಗ್ರಾಮವನ್ನು ಲೋಕವು ನೆನೆಯುವುದು ಬೀದರದಿಂದಲೇ.

ಕಾಲನಿರ್ಣಯಕ್ಕೂ ಈ ರೂಪಗಳು ನೆರವಾಗುತ್ತವೆ. 'ಆಬಾದ್' ಎಂದು ಮುಗಿಯುವ ಊರಿನ ಹೆಸರು ಈ ಸೀಮೆಯಲ್ಲಿ ಪಾರಸಿಯು ರಾಜಭಾಷೆಯಾಗಿ ಬೇರೂರಿದಮೇಲೆ, ಎಂದರೆ ೧೩೪೭ರಲ್ಲಿ ಬಹಮನೀ ರಾಜ್ಯವು ಹುಟ್ಟಿದ ಕಾಲದ ಆಚೀಚೆಗೆ ಅಥವಾ ತರುವಾಯ, ಬಂದಿರಬೇಕು. ಹಾಗಿರಲು ಹುಮನಾಬಾದಿನಿಂದಾದ ಅಡ್ಡಹೆಸರು ಅದಕ್ಕಿಂತ ಹಿಂದಿನದಾಗಿರುವುದು ಸಾಧ್ಯವಿಲ್ಲ. ಅದೇ ರೀತಿಯಲ್ಲಿ 'ಕಲ್ಯಾಣಿ' ಎಂಬ ಅಡ್ಡಹೆಸರು ಊರಿನಿಂದ ಬಂದದ್ದಾದರೆ, ಪಟ್ಟಣವು ಕಲ್ಯಾಣಿಯೆನಿಸಿದ ಈಚಿನ ಶತಮಾನಗಳದ್ದಾಗಿರುವ ಸಂಭವವೇ ಹೆಚ್ಚು.

೭. ವಿರಳತೆಯ ಕಾರಣಗಳು

ಊರಿನಿಂದ ಬಂದ ಹೆಸರು ಕೆಲವೆಡೆ ಹೆಚ್ಚಾಗಿಯೂ ಕೆಲವೆಡೆ ವಿರಳವಾಗಿಯೂ ಇರುವುದೇಕೆ? ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು ಊರಿನ ಹೆಸರಿನ ಏಕತ್ವ ಅಥವಾ ಅನೇಕತ್ವ. ಜರ್ಮನ್ ದೇಶದಲ್ಲಿ ಗುಡ್ಡಗಳು ಅನೇಕವಿರುವುದರಿಂದ ಬ್ಯೂಲರ್ ಎಂಬುದು ಅನೇಕ ಕಡೆ ಬೇರೆಬೇರೆಯಾಗಿ ಹುಟ್ಟಿ ಬಹುಸಂಖ್ಯಾತವಾಯಿತು. ಅಲ್ಲಿನ ಒಂದು ಕುಗ್ರಾಮದ ಹೆಸರನ್ನು ಹೊತ್ತು ಹೊರಟವನು ಒಬ್ಬನೇ ಆಗಿದ್ದರೆ ಆ ಹೆಸರಿನವರೆಲ್ಲ ಒಂದೇ ಮನೆಯವರು. ಹೆಸರು ವಿರಳ, ಆದರೆ ಮೂಲವು ಖಚಿತ. ವಿರಳತೆಯು ದೋಷವಲ್ಲ, ಚರಿತ್ರಕಾರನಿಗೆ ಅದೇ ಗುಣ.

ಎರಡನೆಯದು ಊರನ್ನು ಬಿಟ್ಟು ಹೋದವರ ದೂರ. ಪಕ್ಕದ ಊರಿಗೆ ಹೋದವನಿಗೆ ಹಳ್ಳಿಯ ಹೆಸರು ಹತ್ತುತ್ತದೆ. ದೂರ ಹೋದವನಿಗೆ ಆ ಹಳ್ಳಿಯನ್ನು ಅಲ್ಲಿ ಯಾರೂ ಅರಿಯದ ಕಾರಣ, ಸಮೀಪದ ದೊಡ್ಡ ಪಟ್ಟಣದ ಹೆಸರು ಹತ್ತುತ್ತದೆ. ಕಲ್ಯಾಣ, ಹುಮನಾಬಾದುಗಳ ಹೆಸರನ್ನು ಹೊತ್ತವರನ್ನು ಸೊಲ್ಲಾಪುರ, ಕಲಬುರಗಿ, ಹೈದರಾಬಾದುಗಳಲ್ಲಿ ಹುಡುಕಬೇಕು. ಅವರ ಪೂರ್ವಿಕರು ಈ ಪಟ್ಟಣಗಳವರೇ ಆಗಿರಬೇಕೆಂದಿಲ್ಲ, ಇವುಗಳ ಸುತ್ತಣ ಹಳ್ಳಿಗಳವರೂ ಆಗಿರಬಹುದು.

ಮೂರನೆಯದು ವಂಶಕ್ಷಯ. ಹೆಸರು ಗಂಡುಮಕ್ಕಳಿಂದ ಮಾತ್ರ ಮುಂದುವರಿಯುವ ಪದ್ಧತಿಯಲ್ಲಿ, ಜನಸಂಖ್ಯೆಯು ಕುಗ್ಗದಿದ್ದರೂ ಹೆಸರುಗಳು ಒಂದೊಂದಾಗಿ ಅಳಿಯುತ್ತವೆಂಬುದನ್ನು ಇಂಗ್ಲೆಂಡಿನಲ್ಲಿ ಗಾಲ್ಟನ್ ಮತ್ತು ವಾಟ್ಸನ್ ಎಂಬವರು ೧೮೭೪ರಲ್ಲಿ ಗಣಿತದಿಂದ ವಿಚಾರಿಸಿದರು. ಹೆಣ್ಣುಮಕ್ಕಳ ಮೂಲಕ ರಕ್ತವು ಉಳಿಯುತ್ತದೆ, ಹೆಸರು ಉಳಿಯುವುದಿಲ್ಲ. ವಿರಳವಾದ ಹೆಸರನ್ನು ನೋಡಿ 'ಇಷ್ಟೇ ಜನ ಆ ಊರಿನಿಂದ ಹೊರಟರು' ಎಂದು ಹೇಳುವುದು ಇದರಿಂದ ತಪ್ಪಾಗುತ್ತದೆ.

೮. ಕಲ್ಯಾಣನಾಮದ ಪರೀಕ್ಷೆ

ಈಗ ಮೊದಲು ಎತ್ತಿದ ಪ್ರಶ್ನೆಗೆ ಬರೋಣ. 'ಕಲ್ಯಾಣ' ಶಬ್ದವುಳ್ಳ ಅಡ್ಡಹೆಸರು ಶರಣರ ಕಲ್ಯಾಣವನ್ನೇ ಹೇಳುವುದೋ? ಮೂರು ಅಡ್ಡಿಗಳಿವೆ. ಒಂದು, ಇದೇ ಹೆಸರಿನ ಇನ್ನೊಂದು ಪ್ರಾಚೀನ ಪಟ್ಟಣವು ಮುಂಬಯಿಯ ಸಮೀಪದಲ್ಲಿದೆ. ಅದು ಕಾನ್ಹೇರಿಯ ಶಾಸನಗಳಲ್ಲಿ ಬರುವಷ್ಟು ಹಳೆಯದು. ಕಲ್ಯಾಣಕರನು ಆ ಕಲ್ಯಾಣದವನಾಗಿರಬಹುದು. ಎರಡು, ಕಲ್ಯಾಣಪ್ಪ, ಕಲ್ಯಾಣಮ್ಮ ಎಂಬಂತೆ ಕಲ್ಯಾಣವು ಅಂಕಿತನಾಮವೂ ಹೌದು. ಕಲ್ಯಾಣಶೆಟ್ಟಿಯೆಂಬುದು ಆ ಹೆಸರಿನ ಮೂಲಪುರುಷನಿಂದ ಬಂದಿರಬಹುದು. ಮೂರು, ಕಲ್ಯಾಣಿಯೆಂದರೆ ಮೆಟ್ಟಿಲುಗಳುಳ್ಳ ಕೊಳ. ಕೊಳದ ಬಳಿಯ ಮನೆಯವರಿಗೆ ಆ ಹೆಸರು ಬಂದಿದ್ದರೆ ಅದು ಗುಡ್ಡದ ಬಳಿಯ ಬ್ಯೂಲರನ ಜಾತಿಯದು, ಬಸವಣ್ಣನವರ ಕಲ್ಯಾಣಕ್ಕೆ ಸಂಬಂಧಿಸಿದ್ದಲ್ಲ. ಹುಮನಾಬಾದಿಗೆ ಈ ಅಡ್ಡಿಗಳು ಯಾವುವೂ ಇಲ್ಲ. ಆ ಹೆಸರು ಮನುಷ್ಯನ ಅಂಕಿತವೂ ಅಲ್ಲ, ಕೊಳದ ಹೆಸರೂ ಅಲ್ಲ. ಚಿಕ್ಕ ಕೀರ್ತಿಯ ಊರಿನ ಹೆಸರು ದೊಡ್ಡ ಪ್ರಮಾಣ. ದೊಡ್ಡ ಕೀರ್ತಿಯ ಊರಿನ ಹೆಸರು ಚಿಕ್ಕ ಪ್ರಮಾಣ.

ಆದುದರಿಂದ ಅಡ್ಡಹೆಸರೊಂದನ್ನೇ ನೆಚ್ಚದೆ ಬೇರೆ ಸಾಕ್ಷ್ಯಗಳನ್ನು ಕೂಡಿಸಬೇಕು. ಮನೆತನದ ಕುಲದೈವವು ಎಲ್ಲಿಯದು ಎಂಬುದು ಮೊದಲನೆಯದು. ದೂರದಲ್ಲಿ ನೆಲೆಸಿದ ಮನೆಯವರು ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಗೆ ತಪ್ಪದೆ ಬರುತ್ತಿದ್ದರೆ ಅದು ಹೆಸರಿಗೆ ಬಲವಾದ ಬೆಂಬಲ. ಹಳೆಯ ಜಮೀನು ಕಾಗದಪತ್ರಗಳಲ್ಲಿ ಪೂರ್ವಿಕರ ಊರು ಹೇಗೆ ಬರೆದಿದೆಯೆಂಬುದು ಎರಡನೆಯದು. ಈಗಿನ ಊರಿನಲ್ಲಿ ಆ ಮನೆಯವರನ್ನು ನೆರೆಹೊರೆಯವರು ಯಾವ ಹೆಸರಿನಿಂದ ಕರೆಯುತ್ತಾರೆಂಬುದು ಮೂರನೆಯದು. ಇವು ಮೂರೂ ಕೂಡಿದರೆ ಕೆಲವು ತಲೆಗಳ ಹಿಂದಿನವರೆಗೆ ಹೋಗಬಹುದು. ಹನ್ನೆರಡನೆಯ ಶತಮಾನಕ್ಕೆ ಮುಟ್ಟಲು ನಡುವಣ ಶತಮಾನಗಳ ಲಿಖಿತ ಸಾಕ್ಷ್ಯವೂ ಬೇಕು. ಅದಿಲ್ಲದೆ ಮಾಡಿದ ನಿರ್ಣಯವು ಭಕ್ತಿಯಾಗಬಹುದು, ಚರಿತ್ರೆಯಾಗಲಾರದು.

೯. ಉಪಸಂಹಾರ

ಈ ವಿಚಾರದಿಂದ ಕಲ್ಯಾಣದ ಹೆಸರನ್ನು ಹೊತ್ತವರಿಗೆ ಏನೋ ಕಡಿಮೆಯಾಯಿತೆಂದು ಯಾರೂ ಭಾವಿಸಬಾರದು. ವಂಶದಿಂದ ಬಂದ ಹಿರಿಮೆಯನ್ನು ಒಪ್ಪದ ಜನರ ಊರು ಕಲ್ಯಾಣ. ಅವರ ಸಂತತಿಯೆಂಬುದನ್ನು ವಂಶಾವಳಿಯಿಂದ ಸಾಧಿಸಹೊರಡುವುದು ಅವರ ಮತಕ್ಕೇ ವಿರುದ್ಧ. ಊರಿನಿಂದ ಬಂದ ಅಡ್ಡಹೆಸರಿಗೆ ಇನ್ನೊಂದು ಗುಣವಿದೆ. ಅದು ಜಾತಿಯನ್ನು ಹೇಳುವುದಿಲ್ಲ. ಒಂದೇ ಊರನ್ನು ಬಿಟ್ಟು ಹೊರಟ ಬ್ರಾಹ್ಮಣನಿಗೂ, ಲಿಂಗವಂತನಿಗೂ, ಮುಸಲ್ಮಾನನಿಗೂ, ಸಮಗಾರನಿಗೂ ಹೊರಗಿನವರು ಕೊಡುವ ಹೆಸರು ಒಂದೇ. ಮನೆಯೊಳಗೆ ಬೇರೆಯಾಗಿದ್ದವರು ಪರಸ್ಥಳದಲ್ಲಿ ಒಂದೇ ಹೆಸರಿನವರಾಗುತ್ತಾರೆ.

ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಕುಳಿತು, ಪಿತೃಧನದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವುಂಟೆಂದು ಸಾಧಿಸಿದನು. ಹೊಲ ಮನೆಗಳನ್ನು ಮಾರಿ ಹೊರಟವನ ಮಕ್ಕಳಿಗೆ ಹುಟ್ಟಿನಿಂದ ಬರುವ ಸ್ವತ್ತು ಊರಿನ ಹೆಸರೊಂದೇ. ಅದಕ್ಕೆ ದಾಯಾದಿಗಳ ಜಗಳವಿಲ್ಲ, ವಿಭಾಗದಲ್ಲಿ ಅದು ಕಡಿಮೆಯಾಗುವುದೂ ಇಲ್ಲ. ಆದರೆ ಅದು ಈಗ ಬೇರೆ ರೀತಿಯಲ್ಲಿ ಕ್ಷಯಿಸುತ್ತಿದೆ. ಶಾಲೆಯ ದಾಖಲೆಯಲ್ಲಿ ಒಂದಕ್ಷರವಾಗಿ, ಮತ್ತೊಂದು ಕಾಗದದಲ್ಲಿ ಬೇರೆ ಲಿಪಿಯ ಬೇರೆ ಉಚ್ಚಾರವಾಗಿ, ಕೆಲವೆಡೆ ಅರ್ಥವಿಲ್ಲದ ಧ್ವನಿಯಾಗಿ ಅದು ಉಳಿದಿದೆ. ಅಕ್ಷರದ ಹಿಂದಿನ ಊರು ಯಾವುದೆಂದು ಬಲ್ಲವರು ಮನೆಯ ಹಿರಿಯರು; ಅವರು ಹೋದಮೇಲೆ ಪಾಣಿನಿಯೂ ಹೇಳಲಾರನು. ಸಾಹಿತ್ಯದ ಅಧ್ಯಾಪಕರು ತಮ್ಮ ತರಗತಿಯ ಒಬ್ಬೊಬ್ಬ ವಿದ್ಯಾರ್ಥಿಗೂ ತನ್ನ ಅಡ್ಡಹೆಸರಿನ ಊರನ್ನು ಮನೆಯಲ್ಲಿ ಕೇಳಿ ಬರೆದು ತರುವಂತೆ ಹೇಳಿದರೆ, ಯಾವ ಭಂಡಾರದಲ್ಲಿಯೂ ಇಲ್ಲದ ಒಂದು ಚರಿತ್ರೆಯು ಒಂದೆರಡು ವರ್ಷಗಳಲ್ಲಿ ಕೈಸೇರುವುದು.

ಪಾಠಶಾಲೆಯ ಆ ಮಿತ್ರನು ಹಳ್ಳಿಯ ಹೆಸರನ್ನು ಹುಮನಾಬಾದಿನಲ್ಲಿ ಬಿಟ್ಟು, ಹುಮನಾಬಾದಿನ ಹೆಸರನ್ನು ಪಾಠಶಾಲೆಗೆ ತಂದಿದ್ದನು. ಅವನ ಮಕ್ಕಳು ಈಗ ಇನ್ನೂ ದೂರದ ನಗರದಲ್ಲಿದ್ದಾರೆ. ಅಲ್ಲಿಯವರು ಅವರನ್ನು ಯಾವ ಊರಿನ ಹೆಸರಿನಿಂದ ಕರೆಯುತ್ತಾರೋ, ಅದನ್ನು ನೋಡಿ ಅವರು ಎಷ್ಟು ದೂರ ಹೋದರೆಂಬುದನ್ನು ಅಳೆಯಬಹುದು.